ಪೂರ್ಣಯ್ಯ

ಪೂರ್ಣಯ್ಯ (1746–1812) ಮೈಸೂರು ಸಂಸ್ಥಾನದ ದಿವಾನರಾಗಿದ್ದವರು. ಹೈದರ್ ಅಲಿ, ಟಿಪ್ಪು ಸುಲ್ತಾನ್ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ್ ಎಂಬ ಮೂವರು ಆಳರಸರ ಕಾಲದಲ್ಲಿ ರಾಜ್ಯದ ಹಣಕಾಸು ಮತ್ತು ಆಡಳಿತದ ಹೊಣೆಯನ್ನು ಹೊತ್ತವರು ಇವರು. 1799ರಲ್ಲಿ ಶ್ರೀರಂಗಪಟ್ಟಣವು ಬ್ರಿಟಿಷರ ವಶವಾದ ಮೇಲೆ, ಬಾಲಕನಾಗಿದ್ದ ಅರಸನ ಪರವಾಗಿ ಸುಮಾರು ಹನ್ನೆರಡು ವರ್ಷ ರಾಜ್ಯಭಾರ ನಡೆಸಿದರು. ಇವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಪೂರ್ಣಗೊಂಡ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯು ಸಂಪೂರ್ಣವಾಗಿ ಕಲ್ಲಿನ ಕಂಬ, ಬೋದಿಗೆ ಮತ್ತು ತೊಲೆಗಳಿಂದ ನಿರ್ಮಿತವಾದುದು. ದೇಶೀಯ ನಿರ್ಮಾಣವಿದ್ಯೆಯ ಕೊನೆಯ ದೊಡ್ಡ ಸಾಧನೆಗಳಲ್ಲಿ ಒಂದಾಗಿ ಅದು ಇಂದಿಗೂ ಉಳಿದಿದೆ.

ಸೇತುವೆಗೆ ಅಂದಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರಿದೆ. ಕಟ್ಟಿಸಿದ ದಿವಾನರ ಹೆಸರಾಗಲಿ, ಕಟ್ಟಿದ ಕಲ್ಲುಕುಟಿಗರ ಹೆಸರಾಗಲಿ ಅದಕ್ಕಿಲ್ಲ. ಪೂರ್ಣಯ್ಯನವರ ಬದುಕಿನ ಬಗೆಗೂ ಇಂತಹುದೇ ಒಂದು ಮಾತನ್ನು ಹೇಳಬಹುದು: ಅವರು ಮಾಡಿದ ಕೆಲಸ ಉಳಿಯಿತು, ಅದು ಯಾರಿಗಾಗಿ ಮಾಡಿದ ಕೆಲಸ ಎಂಬ ಪ್ರಶ್ನೆಯೂ ಉಳಿಯಿತು.

ಜನನ ಮತ್ತು ಬಾಲ್ಯ

ಪೂರ್ಣಯ್ಯನವರು 1746ರಲ್ಲಿ ಇಂದಿನ ತಮಿಳುನಾಡಿನ ತಿರುಚಿರಾಪಳ್ಳಿ ಸೀಮೆಯ ಒಂದು ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ಕೃಷ್ಣಾಚಾರ್ಯ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಕಾರಣ ಜೀವನೋಪಾಯವನ್ನು ತಾವೇ ಅರಸಬೇಕಾಯಿತು. ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಮುಂದೆ ಶ್ರೀರಂಗಪಟ್ಟಣದಲ್ಲಿ ಹೈದರನ ಸೈನ್ಯಕ್ಕೆ ದಿನಸಿ ಒದಗಿಸುತ್ತಿದ್ದ ಅನ್ನದಾನ ಶೆಟ್ಟಿ ಎಂಬ ವರ್ತಕನ ಬಳಿ ಲೆಕ್ಕಿಗರಾದರು.

ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಅಂಗಡಿಯ ಲೆಕ್ಕವೆಂದರೆ ಅಕ್ಕಿ, ರಾಗಿ, ಹುರುಳಿ, ತುಪ್ಪಗಳ ತೂಕವಷ್ಟೇ ಅಲ್ಲ. ಎಷ್ಟು ಎತ್ತುಗಳು ಎಷ್ಟು ದಿನದಲ್ಲಿ ಎಷ್ಟು ದೂರ ಹೊರೆ ಸಾಗಿಸಬಲ್ಲವು, ಹೊಳೆ ತುಂಬಿದಾಗ ಯಾವ ದಾರಿ ಮುಚ್ಚುತ್ತದೆ, ಯಾವ ಸೀಮೆಯಲ್ಲಿ ಧಾನ್ಯ ಅಗ್ಗ ಎಂಬುದೂ ಅದರಲ್ಲಿ ಸೇರಿರುತ್ತದೆ. ಪೂರ್ಣಯ್ಯನವರ ಮುಂದಿನ ಜೀವನದುದ್ದಕ್ಕೂ ಕಾಣುವ ಎರಡು ಗುಣಗಳು, ಎಂದರೆ ಲೆಕ್ಕದಲ್ಲಿನ ನಿಖರತೆ ಮತ್ತು ಸಾಗಣೆಯ ವ್ಯವಸ್ಥೆಯ ಬಗೆಗಿನ ಎಚ್ಚರ, ಈ ಅಂಗಡಿಯಲ್ಲೇ ರೂಪುಗೊಂಡಿರಬೇಕು.

ಹೈದರ್ ಅಲಿಯ ಸೇವೆಯಲ್ಲಿ

ವರ್ತಕನ ಲೆಕ್ಕಪತ್ರಗಳ ಮೂಲಕ ಪೂರ್ಣಯ್ಯನವರ ಸಾಮರ್ಥ್ಯವು ಅರಮನೆಯ ಗಮನಕ್ಕೆ ಬಂದಿತು. ಹೈದರ್ ಅಲಿ ಅವರನ್ನು ಸರ್ಕಾರದ ಲೆಕ್ಕದ ಇಲಾಖೆಗೆ ಸೇರಿಸಿಕೊಂಡನು. ಹೈದರನಿಗೆ ಓದುಬರಹ ತಿಳಿಯದು. ಆದರೆ ಅವನ ನೆನಪಿನ ಶಕ್ತಿ ಅಸಾಧಾರಣವಾದುದು. ಅಂತಹ ಒಡೆಯನ ಮುಂದೆ ಲೆಕ್ಕ ಒಪ್ಪಿಸುವವನಿಗೆ ತಪ್ಪಿಗೆ ಅವಕಾಶವಿರಲಿಲ್ಲ. ಕಾಲಕ್ರಮದಲ್ಲಿ ಪೂರ್ಣಯ್ಯನವರು ಕೃಷ್ಣರಾವ್ ಎಂಬ ಇನ್ನೊಬ್ಬ ಅಧಿಕಾರಿಯ ಜೊತೆಗೆ ಖಜಾನೆಯ ಹೊಣೆ ಹೊತ್ತು, ಹೈದರನ ದಂಡಯಾತ್ರೆಗಳಲ್ಲಿಯೂ ಜೊತೆಗಿದ್ದರು.

ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ನಡುವೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ಮರಣ ಹೊಂದಿದನು. ಯುವರಾಜ ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಅರಸನಿಲ್ಲವೆಂಬ ಸುದ್ದಿ ಹೊರಬಿದ್ದಿದ್ದರೆ ಸೈನ್ಯ ಚದುರುವ ಅಪಾಯವಿತ್ತು. ಪೂರ್ಣಯ್ಯ, ಕೃಷ್ಣರಾವ್ ಮತ್ತು ಕೆಲವೇ ಪ್ರಮುಖರು ಮರಣದ ಸುದ್ದಿಯನ್ನು ಗುಟ್ಟಾಗಿಟ್ಟರು. ಹೈದರನ ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಸಾಗಣೆಯೆಂಬ ನೆಪದಲ್ಲಿ ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯದಲ್ಲಿ ದಿನನಿತ್ಯದ ಕೆಲಸಗಳು ಎಂದಿನಂತೆ ನಡೆದವು. ಹೈದರನ ಎರಡನೆಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರುವ ಒಂದು ಒಳಸಂಚು ತಲೆಯೆತ್ತಿದರೂ ಅದನ್ನು ಅಡಗಿಸಲಾಯಿತು. ಟಿಪ್ಪು ಬಂದು ಸೇರುವವರೆಗೆ ಸೈನ್ಯವೂ ಖಜಾನೆಯೂ ಭದ್ರವಾಗಿದ್ದವು. ಅಧಿಕಾರವು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ನಡುವಿನ ದಿನಗಳಲ್ಲಿ ರಾಜ್ಯಯಂತ್ರ ನಿಲ್ಲದಂತೆ ನೋಡಿಕೊಳ್ಳುವ ಈ ಕೆಲಸವನ್ನು ಪೂರ್ಣಯ್ಯನವರು ಹದಿನೇಳು ವರ್ಷಗಳ ಅನಂತರ ಮತ್ತೊಮ್ಮೆ ಮಾಡಬೇಕಾಗಿ ಬಂದಿತು.

ಟಿಪ್ಪು ಸುಲ್ತಾನನ ಕಾಲ

ಟಿಪ್ಪುವಿನ ಆಳ್ವಿಕೆಯಲ್ಲಿ ಪೂರ್ಣಯ್ಯನವರು ಆಡಳಿತದ ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬರಾಗಿ ಮುಂದುವರಿದರು. ಕಂದಾಯ ಮತ್ತು ಹಣಕಾಸಿನ ಜೊತೆಗೆ ಸೈನ್ಯದ ಹೊಣೆಯೂ ಅವರ ಮೇಲಿತ್ತು. ಈ ಸ್ಥಾನವು ಸುರಕ್ಷಿತವಾದುದೇನೂ ಆಗಿರಲಿಲ್ಲ. ಮೂರನೆಯ ಯುದ್ಧದ ಕಾಲದಲ್ಲಿ, 1791ರಲ್ಲಿ, ಅವರ ಹಳೆಯ ಸಹೋದ್ಯೋಗಿ ಕೃಷ್ಣರಾವ್ ರಾಜದ್ರೋಹದ ಶಂಕೆಗೆ ಗುರಿಯಾಗಿ ಪ್ರಾಣ ಕಳೆದುಕೊಂಡರು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಯುದ್ಧದಂಡ ತೆರಲು ಒಪ್ಪಿ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳುಗಳಾಗಿ ಕಳುಹಿಸಬೇಕಾಯಿತು. ಅರ್ಧವಾದ ರಾಜ್ಯದಿಂದ ಅಷ್ಟು ಹಣ ಹೊಂದಿಸುವುದು ಖಜಾನೆಯವರಿಗೆ ಎಷ್ಟು ಕಠಿಣವಾಗಿದ್ದಿತೆಂಬುದನ್ನು ಊಹಿಸಬಹುದು.

ನಾಲ್ಕನೆಯ ಯುದ್ಧದಲ್ಲಿ, 1799ರ ಮೇ 4ರಂದು, ಬ್ರಿಟಿಷ್ ಸೈನ್ಯವು ಶ್ರೀರಂಗಪಟ್ಟಣದ ಕೋಟೆಯನ್ನು ಭೇದಿಸಿತು. ಟಿಪ್ಪು ಹೋರಾಡುತ್ತಲೇ ಮಡಿದನು. ಕೆಲವು ದಿನಗಳಲ್ಲಿ ಪೂರ್ಣಯ್ಯನವರು ಶರಣಾದರು.

ದಿವಾನಗಿರಿ

ಗೆದ್ದ ರಾಜ್ಯವನ್ನು ಏನು ಮಾಡಬೇಕೆಂಬುದನ್ನು ನಿರ್ಧರಿಸಲು ಜನರಲ್ ಹ್ಯಾರಿಸ್, ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ, ಕರ್ಕ್‌ಪ್ಯಾಟ್ರಿಕ್ ಮತ್ತು ಬ್ಯಾರಿ ಕ್ಲೋಸ್ ಅವರ ಆಯೋಗ ನೇಮಕವಾಯಿತು. ಜಾನ್ ಮಾಲ್ಕಮ್ ಮತ್ತು ಥಾಮಸ್ ಮನ್ರೋ ಅದರ ಕಾರ್ಯದರ್ಶಿಗಳು. ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಪಟ್ಟಕ್ಕೆ ತರಬೇಕೆಂಬ ಸಲಹೆಯನ್ನು ಪೂರ್ಣಯ್ಯನವರು ಮೊದಲು ಮುಂದಿಟ್ಟರೆಂದು ಬ್ರಿಟಿಷ್ ದಾಖಲೆಗಳನ್ನು ಆಧರಿಸಿದ ಇತಿಹಾಸಗಳು ಹೇಳುತ್ತವೆ. ಆ ಸಲಹೆ ಒಪ್ಪಿಗೆಯಾಗಲಿಲ್ಲ. ಮೈಸೂರಿನ ಹಿಂದಿನ ರಾಜವಂಶವನ್ನೇ ಮರಳಿ ಸ್ಥಾಪಿಸಲು ಆಯೋಗ ತೀರ್ಮಾನಿಸಿತು. 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ರಾಜಮಾತೆ ಲಕ್ಷ್ಮಮ್ಮಣ್ಣಿಯವರು ಬಾಲಕನ ಪೋಷಣೆ ವಹಿಸಿದರು, ಪೂರ್ಣಯ್ಯನವರು ದಿವಾನರಾದರು, ಬ್ಯಾರಿ ಕ್ಲೋಸ್ ಮೊದಲ ರೆಸಿಡೆಂಟ್ ಆದನು.

ಜುಲೈ 8ರ ಒಪ್ಪಂದದಂತೆ ಮೈಸೂರು ಪ್ರತಿವರ್ಷ 7 ಲಕ್ಷ ವರಹಗಳನ್ನು, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕಂಪನಿಗೆ ಕಪ್ಪವಾಗಿ ತೆರಬೇಕಾಗಿತ್ತು. ಕಪ್ಪ ತಪ್ಪಿದರೆ ಆಡಳಿತವನ್ನೇ ಕಂಪನಿ ವಹಿಸಿಕೊಳ್ಳಬಹುದೆಂಬ ಷರತ್ತೂ ಅದರಲ್ಲಿತ್ತು. ಪೂರ್ಣಯ್ಯನವರ ಆಡಳಿತದ ಸ್ವರೂಪವನ್ನು ಅರಿಯಲು ಈ ಷರತ್ತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ. ಯುದ್ಧಗಳಿಂದ ಬಳಲಿದ ನಾಡಿನಲ್ಲಿ ಬೇಸಾಯ ಮತ್ತೆ ಹಿಡಿತಕ್ಕೆ ಬರದಿದ್ದರೆ ಕಂದಾಯವಿಲ್ಲ, ಕಂದಾಯವಿಲ್ಲದಿದ್ದರೆ ಕಪ್ಪವಿಲ್ಲ, ಕಪ್ಪವಿಲ್ಲದಿದ್ದರೆ ಸಂಸ್ಥಾನವೇ ಇಲ್ಲ. ಕೆರೆಗಳ ದುರಸ್ತಿ, ನಾಲೆಗಳ ಹೂಳೆತ್ತುವಿಕೆ, ರಸ್ತೆಗಳು, ದಾರಿಹೋಕರಿಗೆ ಛತ್ರಗಳು ಇವೆಲ್ಲವೂ ದಾನಧರ್ಮದ ಕಾರ್ಯಗಳಾಗಿದ್ದಂತೆಯೇ ರಾಜ್ಯ ಉಳಿಸಿಕೊಳ್ಳುವ ಉಪಾಯಗಳೂ ಆಗಿದ್ದವು. ಹಳ್ಳಿಗಾಡಿನ ಕಾವಲು ಪಡೆಯಾದ ಕಂದಾಚಾರವನ್ನು ಅವರು ಉಳಿಸಿಕೊಂಡರು. ಇದರಿಂದ ಕೆಲಸ ಕಳೆದುಕೊಂಡ ಸೈನಿಕರಲ್ಲಿ ಅನೇಕರಿಗೆ ಜೀವನಾಧಾರ ದೊರೆಯಿತು.

ಇದೇ ಕಾಲದಲ್ಲಿ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ಕಸುಬು, ಜನಜೀವನಗಳ ವಿವರ ದಾಖಲಿಸಿದನು. ಕಾಲಿನ್ ಮೆಕೆಂಜಿ ಮೈಸೂರಿನ ಭೂಮಾಪನ ಕೈಗೊಂಡನು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ತನ್ನ ಅಳತೆಯ ಆಧಾರರೇಖೆಯನ್ನು ಎಳೆದನು. ಚಿತ್ರಕಾರ ಥಾಮಸ್ ಹಿಕಿ ಪೂರ್ಣಯ್ಯನವರ ಭಾವಚಿತ್ರವನ್ನು ಬರೆದನು. ಹೊಸ ಅಧಿಕಾರವು ನಾಡನ್ನು ಅಳೆದು ಬರೆದಿಟ್ಟುಕೊಳ್ಳುತ್ತಿದ್ದ ಈ ವರ್ಷಗಳಲ್ಲಿಯೇ ಸೇತುವೆಯ ಕಾರ್ಯವೂ ಆರಂಭವಾಯಿತು.

ತುಂಬಿದ ಹೊಳೆಗಳು

ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಯುದ್ಧಕಾಲದಲ್ಲಿ ನೀರೇ ಕೋಟೆಗೆ ರಕ್ಷೆಯಾಗಿತ್ತು. ಶಾಂತಿಕಾಲದಲ್ಲಿ ಅದೇ ನೀರು ಅಡ್ಡಿಯಾಯಿತು. ಮುಂಗಾರಿನ ತಿಂಗಳುಗಳಲ್ಲಿ ಹೊಳೆ ತುಂಬಿದಾಗ ಜನ, ದನ, ಸಾಮಗ್ರಿಗಳು ಹರಿಗೋಲಿನಲ್ಲೇ ದಾಟಬೇಕಾಗಿತ್ತು. ಬಿದಿರಿನ ಹಂದರಕ್ಕೆ ಚರ್ಮ ಹೊದಿಸಿದ ಹರಿಗೋಲು ಹಗುರವಾದುದು, ಬೇಗನೆ ಮಾಡಬಹುದಾದುದು. ಆದರೆ ತೋಪಿನ ಗಾಡಿಯನ್ನೂ ಸಾವಿರಾರು ಎತ್ತುಗಳನ್ನೂ ಅದರಲ್ಲಿ ದಾಟಿಸುವುದು ದಿನಗಟ್ಟಲೆಯ ಕೆಲಸ.

ಹೊಳೆಗಳು ಸೈನ್ಯವನ್ನು ಹೇಗೆ ಕಟ್ಟಿಹಾಕಬಲ್ಲವು ಎಂಬುದಕ್ಕೆ 1800ರ ದಂಡಯಾತ್ರೆ ನಿದರ್ಶನ. ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾದ ದೋಂಡಿಯಾ ವಾಘ್ ಪಡೆ ಕಟ್ಟಿಕೊಂಡು ಉತ್ತರದ ಸೀಮೆಯಲ್ಲಿ ಪ್ರಬಲನಾಗಿದ್ದನು. ಅವನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಮಳೆಗಾಲದಲ್ಲಿ ತುಂಗಭದ್ರೆ, ವರದಾ, ಮಲಪ್ರಭಾ ನದಿಗಳನ್ನು ಎದುರಿಸಬೇಕಾಯಿತು. ಜುಲೈ ಕೊನೆಯಲ್ಲಿ ಮುನವಳ್ಳಿಯ ಬಳಿ ದೋಂಡಿಯಾನ ಸೈನ್ಯದ ಒಂದು ಭಾಗವು ಮಲಪ್ರಭೆಯ ದಡದಲ್ಲಿ ಸಿಕ್ಕಿಬಿದ್ದು ನಾಶವಾಯಿತು. ದಾಟಲಾಗದ ಹೊಳೆ ಅಲ್ಲಿ ಓಡುವವರಿಗೆ ಮೃತ್ಯುವಾಯಿತು, ಬೆನ್ನಟ್ಟುವವರಿಗೂ ತಡೆಯಾಯಿತು. ಮುನವಳ್ಳಿಯಿಂದ ಕೆಳಗೆ ಇದೇ ಹೊಳೆ ಬಾದಾಮಿ ಸೀಮೆಯ ಚೊಳಚಗುಡ್ಡದ ಕಡೆಗೆ ಹರಿದು, ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಕೃಷ್ಣೆಯನ್ನು ಸೇರುತ್ತದೆ. ಸೆಪ್ಟೆಂಬರ್ 10ರಂದು ದೋಂಡಿಯಾ ಕಾಳಗದಲ್ಲಿ ಹತನಾದನು.

ಈ ದಂಡಯಾತ್ರೆಗೂ 1803ರ ಮರಾಠಾ ಯುದ್ಧಕ್ಕೂ ಮೈಸೂರಿನಿಂದ ಧಾನ್ಯ, ಎತ್ತು, ಕುದುರೆ ಸವಾರರನ್ನು ಒದಗಿಸುವ ವ್ಯವಸ್ಥೆಯಲ್ಲಿ ಪೂರ್ಣಯ್ಯನವರ ಪಾತ್ರ ಹಿರಿದು. ಅಮೃತಮಹಲ್ ಎತ್ತುಗಳ ವೇಗ ಮತ್ತು ತಾಳಿಕೆ ಆ ಕಾಲದ ಸೈನ್ಯಗಳಲ್ಲಿ ಹೆಸರಾಗಿತ್ತು. ಎತ್ತು ಎಷ್ಟೇ ಬಲವಾಗಿದ್ದರೂ ದಾರಿಯಲ್ಲಿ ಹೊಳೆ ತುಂಬಿದ್ದರೆ ನಿಲ್ಲಲೇಬೇಕು. ಅಂಗಡಿಯ ಲೆಕ್ಕದಿಂದ ಬದುಕು ಆರಂಭಿಸಿದ ದಿವಾನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವೆಲ್ಲೆಸ್ಲಿ ಸೇತುವೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಅಡ್ಡಲಾಗಿ ನಿಂತಿರುವ ಈ ಸೇತುವೆಯ ನಿರ್ಮಾಣ 1802ರಿಂದ 1804ರವರೆಗೆ ನಡೆಯಿತು. ಇದರಲ್ಲಿ ಕಮಾನುಗಳಿಲ್ಲ. ನದಿಯ ತಳದಲ್ಲಿ ಒರಟಾಗಿ ಕಡೆದ ಕಲ್ಲುಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಅವುಗಳ ತಲೆಯ ಮೇಲೆ ಬೋದಿಗೆಗಳನ್ನಿಟ್ಟು, ಬೋದಿಗೆಗಳ ಮೇಲೆ ಕಲ್ಲಿನ ತೊಲೆಗಳನ್ನು ಹೊರಿಸಿ, ಅದರ ಮೇಲೆ ದಾರಿಯನ್ನು ಹಾಸಲಾಗಿದೆ.

ಈ ರಚನೆಯ ತತ್ತ್ವ ಸರಳವಾದುದು. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಎರಡು ಕಂಬಗಳ ನಡುವೆ ತೊಲೆಯನ್ನಿಟ್ಟು ಭಾರ ಹೇರಿದಾಗ ತೊಲೆಯ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗಲು ಹವಣಿಸುತ್ತದೆ. ಬಿರುಕು ಹುಟ್ಟುವುದು ಈ ಕೆಳಭಾಗದಲ್ಲೇ. ತೊಲೆಯ ಉದ್ದಕ್ಕೂ ಸಮನಾಗಿ ಭಾರವಿದ್ದಾಗ, ಕಂಬಗಳ ನಡುವಿನ ಅಂತರ ಎರಡು ಪಟ್ಟಾದರೆ ತೊಲೆಯನ್ನು ಬಾಗಿಸುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಕಲ್ಲುತೊಲೆಯ ಸೇತುವೆಯಲ್ಲಿ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು.

ಬೋದಿಗೆಯ ಪ್ರಯೋಜನ ತಿಳಿಯುವುದು ಇಲ್ಲಿಯೇ. ಲೆಕ್ಕಕ್ಕಾಗಿ, ಎರಡು ಕಂಬಗಳ ನಡುವೆ 10 ಅಡಿ ಅಂತರವಿದೆಯೆಂದು ಭಾವಿಸೋಣ. ಎರಡೂ ಕಡೆಯಿಂದ ಬೋದಿಗೆಗಳು ಒಂದೂವರೆ ಅಡಿಯಷ್ಟು ಮುಂದೆ ಚಾಚಿದರೆ ತೊಲೆ ಆಧಾರವಿಲ್ಲದೆ ದಾಟಬೇಕಾದ ದೂರ 7 ಅಡಿಗೆ ಇಳಿಯುತ್ತದೆ. ಆಗ ಬಾಗಿಸುವ ಬಲ ಹೆಚ್ಚುಕಡಿಮೆ ಅರ್ಧವಾಗುತ್ತದೆ. ದೇವಾಲಯದ ಕಂಬದ ಮೇಲೆ ನಾವು ಅಲಂಕಾರವೆಂದು ನೋಡುವ ಬೋದಿಗೆಯ ಮೂಲ ಕೆಲಸ ಇದೇ ಆಗಿದೆ.

ಕಣಶಿಲೆಯ ಒಂದು ಘನ ಮೀಟರಿಗೆ ಎರಡೂವರೆ ಟನ್ನಿಗೂ ಹೆಚ್ಚು ತೂಕವಿರುತ್ತದೆ. ಮೂರು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್ ಅಗಲ, ಮೂವತ್ತು ಸೆಂಟಿಮೀಟರ್ ದಪ್ಪದ ಒಂದು ತೊಲೆಯೇ ಸುಮಾರು ಒಂದೂವರೆ ಟನ್ ತೂಗುತ್ತದೆ. ಹಬೆಯಂತ್ರಗಳಿಲ್ಲದ ಆ ಕಾಲದಲ್ಲಿ ಇಂತಹ ಕಲ್ಲುಗಳನ್ನು ಗಣಿಯಿಂದ ಬಿಡಿಸಿ, ಸಾಗಿಸಿ, ನದಿಯ ನಡುವೆ ಎತ್ತಿ ಕೂರಿಸಿದ್ದು ಮನುಷ್ಯರ ಮತ್ತು ದನಗಳ ಬಲದಿಂದ. ಮೈಸೂರು ಸೀಮೆಯ ಕಲ್ಲುಕುಟಿಗರು ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ ಬೆಣೆ ಬಡಿದು ಸೀಳುವುದನ್ನೂ, ಬೆಂಕಿಯ ಕಾವಿನಿಂದ ಬಂಡೆಯನ್ನು ಪದರಪದರವಾಗಿ ಬಿಡಿಸುವುದನ್ನೂ ತಲೆಮಾರುಗಳಿಂದ ಬಲ್ಲವರಾಗಿದ್ದರು.

ಅದರ ಪರಂಪರೆ ಮತ್ತು ಅದರ ಕಾಲ

ಕಂಬ, ಬೋದಿಗೆ, ತೊಲೆ, ಚಪ್ಪಡಿ ಎಂಬ ಈ ಕ್ರಮವು ಕನ್ನಡನಾಡಿಗೆ ಹೊಸದಲ್ಲ. ಮಲಪ್ರಭೆಯ ಕಣಿವೆಯ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಾಲುಕ್ಯ ದೇವಾಲಯಗಳ ಮಂಟಪಗಳು ಇದೇ ಕ್ರಮದಲ್ಲಿ ನಿಂತಿವೆ. ಚೊಳಚಗುಡ್ಡದ ಬನಶಂಕರಿ ದೇವಾಲಯದ ಎದುರಿನ ಹರಿದ್ರಾತೀರ್ಥದ ಸುತ್ತಲಿನ ಕಲ್ಲುಮಂಟಪಗಳಲ್ಲಿಯೂ ಕಂಬಗಳ ಸಾಲಿನ ಮೇಲೆ ಚಪ್ಪಡಿ ಹೊರಿಸಿದ ರೀತಿಯನ್ನು ಕಾಣಬಹುದು. ಹಂಪೆಯಲ್ಲಿ ತುಂಗಭದ್ರೆಯೊಳಗೆ ಇಂದಿಗೂ ನಿಂತಿರುವ ಕಲ್ಲುಕಂಬಗಳ ಸಾಲು, ವಿಜಯನಗರದ ಕಾಲದಲ್ಲಿ ಇದೇ ವಿದ್ಯೆ ನದಿಗೆ ಇಳಿದಿತ್ತೆಂಬುದಕ್ಕೆ ಸಾಕ್ಷಿ. ಮಂಟಪ ಕಟ್ಟುವ ವಿದ್ಯೆಯನ್ನೇ ಹರಿಯುವ ನೀರಿನ ಮೇಲೆ ಪ್ರಯೋಗಿಸಿದಾಗ ಸೇತುವೆಯಾಯಿತು ಎಂದರೆ ತಪ್ಪಾಗಲಾರದು.

ಇದೇ ಕಾಲದಲ್ಲಿ ಜಗತ್ತಿನ ಇನ್ನೊಂದು ಕಡೆಯಲ್ಲಿ ಸೇತುವೆಯ ವಿದ್ಯೆ ಬೇರೊಂದು ತಿರುವನ್ನು ಪಡೆದಿತ್ತು. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಬಳಿ ಸೆವರ್ನ್ ನದಿಗೆ 1779ರಲ್ಲಿ ಎರಕದ ಕಬ್ಬಿಣದ ಕಮಾನು ಸೇತುವೆಯನ್ನು ನಿಲ್ಲಿಸಲಾಗಿತ್ತು. 1781ರ ಹೊಸ ವರ್ಷದಂದು ಅದು ಸಂಚಾರಕ್ಕೆ ತೆರೆಯಿತು. ಸುಮಾರು 100 ಅಡಿಯ ಅಂತರವನ್ನು ಅದು ನಡುವೆ ಒಂದೂ ಕಂಬವಿಲ್ಲದೆ ದಾಟಿತು. ಇಲ್ಲಿ ಹತ್ತಾರು ಕಂಬಗಳು ಮಾಡುವ ಕೆಲಸವನ್ನು ಅಲ್ಲಿ ಒಂದು ಕಬ್ಬಿಣದ ಕಮಾನು ಮಾಡಿತು. ಹಾಗೆಂದು ಶ್ರೀರಂಗಪಟ್ಟಣದ ಸೇತುವೆಯನ್ನು ಹಿಂದುಳಿದ ಕೆಲಸವೆಂದು ತೀರ್ಮಾನಿಸಲಾಗದು. ಅಷ್ಟು ಕಬ್ಬಿಣವನ್ನು ಎರಕ ಹೊಯ್ಯುವ ಕಾರ್ಖಾನೆ ಇಲ್ಲಿರಲಿಲ್ಲ. ಕಲ್ಲಿತ್ತು, ಬಂಡೆಯ ನದೀತಳವಿತ್ತು, ಕೈಯಲ್ಲಿ ವಿದ್ಯೆಯಿದ್ದ ಕೆಲಸಗಾರರಿದ್ದರು. ಪೂರ್ಣಯ್ಯನವರು ಇರುವುದನ್ನು ಲೆಕ್ಕ ಹಾಕಿ ಅದರಿಂದ ಆಗುವ ಸೇತುವೆಯನ್ನು ಕಟ್ಟಿಸಿದರು.

ಇದೇ ಮಾದರಿಯು ಮುಂದೆಯೂ ಬಳಕೆಯಲ್ಲಿತ್ತು. ಕಾವೇರಿಯ ಕೆಳಹರಿವಿನಲ್ಲಿ, ಶಿವನಸಮುದ್ರದ ಕವಲುಗಳಿಗೆ ರಾಮಸ್ವಾಮಿ ಮೊದಲಿಯಾರ್ ಅವರು ಕಟ್ಟಿಸಿದ ಸೇತುವೆಗಳೂ ಕಲ್ಲುಕಂಬಗಳ ಮೇಲೆಯೇ ನಿಂತವು. ಅದಾದ ಅನಂತರ ರೈಲುಮಾರ್ಗ ಮತ್ತು ಕಬ್ಬಿಣದ ಕಾಲ ಬಂದಿತು.

ಪೂರ್ಣಯ್ಯ ನಾಲೆ

ಎಲ್ಲ ಕಾಮಗಾರಿಗಳೂ ಕೈಗೂಡಲಿಲ್ಲ. ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ವರ್ಗವಾದ ಮೇಲೆ ಹೊಸ ನಗರಕ್ಕೆ ನೀರಿನ ಅಗತ್ಯ ಹೆಚ್ಚಿತು. ಕಾವೇರಿಯ ನೀರನ್ನು ನಾಲೆಯ ಮೂಲಕ ಮೈಸೂರಿಗೆ ತರುವ ಯೋಜನೆಯನ್ನು ಪೂರ್ಣಯ್ಯನವರು ಕೈಗೊಂಡರು. ಎತ್ತರದ ನೆಲವನ್ನು ಆಳವಾಗಿ ಅಗೆದು ನಾಲೆ ತೋಡಲಾಯಿತಾದರೂ ನೀರು ಹರಿದುಬರಲಿಲ್ಲ. ಕೆಲಸವನ್ನು ಅರ್ಧಕ್ಕೇ ಬಿಡಬೇಕಾಯಿತು. ನೆಲದ ಮಟ್ಟ ಅದಕ್ಕೆ ಅನುಕೂಲವಾಗಿರಲಿಲ್ಲ. ಹೀಗೆ ಉಳಿದ ತೋಡಿಗೆ ಪೂರ್ಣಯ್ಯ ನಾಲೆಯೆಂಬ ಹೆಸರಾಯಿತು; ಸುತ್ತಲಿನ ಮಳೆನೀರನ್ನು ಕೂಡಿಸಿ ತರಲು ಅದು ಮುಂದೆ ಉಪಯೋಗವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಯಂತ್ರಗಳಿಂದ ನೀರೆತ್ತುವುದು ಸಾಧ್ಯವಾದಾಗ ಮೈಸೂರಿಗೆ ಕಾವೇರಿಯ ನೀರು ದೊರೆಯಿತು.

ಒಂದು ಸೋಜಿಗವನ್ನು ಇಲ್ಲಿ ಗಮನಿಸಬಹುದು. ಯಶಸ್ವಿಯಾದ ಸೇತುವೆಗೆ ಗವರ್ನರ್ ಜನರಲ್‌ನ ಹೆಸರು ಬಂದಿತು. ಕೈಗೂಡದ ನಾಲೆಗೆ ಮಾತ್ರ ದಿವಾನರ ಹೆಸರು ಅಂಟಿಕೊಂಡಿತು.

ಕೊನೆಯ ವರ್ಷಗಳು

1807ರ ಪೂರಕ ಒಪ್ಪಂದದಂತೆ ಮೈಸೂರು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. 1811ರ ವೇಳೆಗೆ ಹದಿನಾರು ದಾಟಿದ್ದ ಅರಸರು ರಾಜ್ಯಭಾರವನ್ನು ತಾವೇ ವಹಿಸಿಕೊಳ್ಳಲು ಬಯಸಿದರು. ಪೂರ್ಣಯ್ಯನವರು ಅಧಿಕಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದರು. ಕೆಲವೇ ತಿಂಗಳಲ್ಲಿ, 1812ರ ಮಾರ್ಚ್ ಕೊನೆಯಲ್ಲಿ, ಅಲ್ಲಿಯೇ ನಿಧನರಾದರು. ಅವರ ವಂಶಸ್ಥರಾದ ಸರ್ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.

ಮೌಲ್ಯಮಾಪನ

ಪೂರ್ಣಯ್ಯನವರ ಬಗ್ಗೆ ಎರಡು ಬಗೆಯ ಆಕ್ಷೇಪಗಳಿವೆ. ಮೊದಲನೆಯದು ಆಡಳಿತಕ್ಕೆ ಸಂಬಂಧಿಸಿದುದು. ಅವರು ಅಧಿಕಾರ ಬಿಡುವಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮಿಗಿಲಾದ ಹಣವಿತ್ತೆಂದು ಬಿ. ಎಲ್. ರೈಸ್ ಅವರ ಗೆಜೆಟಿಯರ್ ಹೇಳುತ್ತದೆ. ಇಷ್ಟು ಹಣ ಕೂಡಿದ್ದು ರೈತನಿಂದಲೇ ಅಲ್ಲವೇ, ಕೂಡಿಡುವುದೇ ಆಡಳಿತದ ಗುರಿಯಾಯಿತೇ ಎಂಬ ಟೀಕೆ ಆಗಿನಿಂದಲೂ ಇದೆ. ಕಪ್ಪದ ಷರತ್ತನ್ನು ನೆನೆದರೆ ಅವರ ಎಚ್ಚರಿಕೆಗೆ ಕಾರಣ ತಿಳಿಯುತ್ತದೆ. ಆದರೆ ರೈತನ ಮೇಲೆ ಬಿದ್ದ ಹೊರೆ ಅದರಿಂದ ಹಗುರವಾಗುವುದಿಲ್ಲ. ಮುಂದೆ 1831ರಲ್ಲಿ ಕಂಪನಿಯು ಸಂಸ್ಥಾನದ ಆಡಳಿತವನ್ನು ತಾನೇ ವಹಿಸಿಕೊಂಡಾಗ, ಪೂರ್ಣಯ್ಯನವರು ಅಂಜಿದ್ದ ಅಪಾಯ ನಿಜವಾಯಿತು.

ಎರಡನೆಯದು ನಿಷ್ಠೆಗೆ ಸಂಬಂಧಿಸಿದುದು. ಟಿಪ್ಪುವಿನ ಪತನಕ್ಕೆ ಒಳಗಿನವರ ದ್ರೋಹ ಕಾರಣವೆಂಬ ನಂಬಿಕೆ ಜನಮನದಲ್ಲಿ ಬೇರೂರಿದೆ. ಈ ಆರೋಪದಲ್ಲಿ ಮೀರ್ ಸಾದಿಕನ ಹೆಸರು ಮುಖ್ಯವಾಗಿ ಕೇಳಿಬಂದರೂ ಪೂರ್ಣಯ್ಯನವರ ಹೆಸರನ್ನೂ ಸೇರಿಸುವವರಿದ್ದಾರೆ. ಸೋತ ಮರುದಿನಗಳಲ್ಲೇ ಗೆದ್ದವರ ಕೈಕೆಳಗೆ ದಿವಾನರಾದುದು ಈ ಶಂಕೆಗೆ ಮುಖ್ಯ ಆಧಾರ. 1782ರಲ್ಲಿ ಟಿಪ್ಪುವಿಗಾಗಿ ಸಿಂಹಾಸನವನ್ನು ಕಾಯ್ದಿಟ್ಟವರಲ್ಲಿ ಅವರೂ ಒಬ್ಬರು, 1799ರಲ್ಲಿ ಮೊದಲು ಟಿಪ್ಪುವಿನ ಮಗನ ಪರವಾಗಿ ಮಾತನಾಡಿದವರೂ ಅವರೇ ಎಂಬುದು ಇದಕ್ಕೆ ಎದುರಾಗಿ ನಿಲ್ಲುವ ಸಂಗತಿ. ಈ ಎರಡನ್ನೂ ಎದುರಿಗಿಟ್ಟುಕೊಂಡು ನೋಡಿದಾಗ, ಅವರ ನಿಷ್ಠೆ ಒಬ್ಬ ಅರಸನಿಗಿಂತ ಹೆಚ್ಚಾಗಿ ರಾಜ್ಯದ ದೈನಂದಿನ ವ್ಯವಹಾರಕ್ಕೆ, ಎಂದರೆ ಲೆಕ್ಕಪತ್ರ, ಕಂದಾಯ, ಕೆರೆ, ರಸ್ತೆಗಳು ನಿಲ್ಲದೆ ನಡೆಯುವುದಕ್ಕೆ ಸಂದಿತ್ತೆಂದು ತೋರುತ್ತದೆ. ಅದು ದೊಡ್ಡ ಗುಣವೋ ದೊಡ್ಡ ಕೊರತೆಯೋ ಎಂಬುದನ್ನು ಓದುಗರು ತಮ್ಮ ತಮ್ಮ ದೃಷ್ಟಿಯಂತೆ ನಿರ್ಣಯಿಸಬಹುದು.

ಸೇತುವೆಯ ಸಂದರ್ಶನ

ಶ್ರೀರಂಗಪಟ್ಟಣವು ಬೆಂಗಳೂರು–ಮೈಸೂರು ಮಾರ್ಗದಲ್ಲಿದ್ದು ರೈಲು ನಿಲ್ದಾಣವನ್ನು ಹೊಂದಿದೆ. ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ, ದರಿಯಾ ದೌಲತ್, ಗುಂಬಜ್‌ಗಳನ್ನು ನೋಡಲು ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಸೇತುವೆಯನ್ನು ನೋಡದೆ ಹಿಂದಿರುಗುತ್ತಾರೆ. ಹೆದ್ದಾರಿಯ ವಾಹನಗಳು ಈಗ ಹೊಸ ಸೇತುವೆಗಳ ಮೇಲೆ ಸಾಗುತ್ತವೆ.

ಸೇತುವೆಯ ರಚನೆಯನ್ನು ಅರಿಯಲು ಮೇಲಿನ ದಾರಿಯಲ್ಲಿ ನಡೆದರೆ ಸಾಲದು. ನದಿ ಇಳಿದಿರುವ ಬೇಸಗೆಯ ದಿನಗಳಲ್ಲಿ ದಡದಿಂದ ನೋಡುವುದು ಉತ್ತಮ. ಆಗ ಕಂಬಗಳ ಸಾಲು, ಅವುಗಳ ತಲೆಯ ಬೋದಿಗೆ, ಬೋದಿಗೆಯ ಮೇಲೆ ಕುಳಿತ ತೊಲೆ ಇವು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಕಂಬಗಳ ಮೈಯನ್ನು ನಯಗೊಳಿಸಿಲ್ಲ. ದೇವಾಲಯದ ಕಂಬಕ್ಕೂ ಇದಕ್ಕೂ ಇರುವ ಸಂಬಂಧ ಮತ್ತು ವ್ಯತ್ಯಾಸ ಎರಡೂ ಅಲ್ಲಿಯೇ ತಿಳಿಯುತ್ತವೆ. ಮಳೆಗಾಲದಲ್ಲಿ, ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ, ನದಿಗೆ ಇಳಿಯುವುದು ಅಪಾಯಕರ.

ಇಂತಹ ಕಲ್ಲುಸೇತುವೆಗೆ ದೊಡ್ಡ ಶತ್ರು ಪ್ರವಾಹವೊಂದೇ ಅಲ್ಲ. ಸಂದುಗಳಲ್ಲಿ ಬೇರೂರುವ ಅರಳಿ, ಆಲದಂತಹ ಗಿಡಗಳು ಕಲ್ಲನ್ನು ಕಲ್ಲಿನಿಂದ ಸರಿಸುತ್ತವೆ. ಪ್ರವಾಹದಲ್ಲಿ ತೇಲಿಬಂದು ಕಂಬಗಳ ನಡುವೆ ಸಿಲುಕುವ ಮರ, ಕಸಗಳು ನೀರಿನ ಒತ್ತಡವನ್ನು ಹೆಚ್ಚಿಸುತ್ತವೆ. ಗಿಡ ಚಿಕ್ಕದಾಗಿರುವಾಗಲೇ ಕಿತ್ತು, ಕಸ ತೆಗೆದು, ಸಂದು ತುಂಬಿಸಿದರೆ ಕಂಬಗಳು ಇನ್ನೂ ಬಹುಕಾಲ ನಿಲ್ಲಬಲ್ಲವು. ಕಟ್ಟುವುದಕ್ಕೆ ಎರಡು ವರ್ಷ ಸಾಕಾದ ಈ ಸೇತುವೆ ಎರಡು ಶತಮಾನಗಳಿಗೂ ಮಿಗಿಲಾಗಿ ಜನರನ್ನು ದಾಟಿಸಿದೆ. ಅದನ್ನು ಕಾಪಾಡಲು ಬೇಕಾದುದು ದೊಡ್ಡ ವೆಚ್ಚವಲ್ಲ. ಪೂರ್ಣಯ್ಯನವರಿಗೆ ಸಹಜವಾಗಿದ್ದ, ವರ್ಷ ವರ್ಷವೂ ತಪ್ಪದೆ ಲೆಕ್ಕ ನೋಡುವ ಶ್ರದ್ಧೆ.